ಮೆಣಸಿನಕಾಯಿ ಟೆಂಡರಿನಿಂದ ಆರ್ಕಿಟೆಕ್ಚರ್ ಕಲಿಯುವುದು

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ದಲಾಲಿ ಅಂಗಡಿಗಳ ಮುಂದೆ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟುತ್ತವೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು, ಬಣ್ಣ ನೋಡಿ, ಒಣಗಿದ್ದು ಸಾಕೋ ಇಲ್ಲವೋ ಎಂದು ಅಂದಾಜು ಮಾಡಿ ಮುಂದಿನ ಲಾಟಿಗೆ ಹೋಗುತ್ತಾರೆ. ಆಮೇಲೆ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚಿನ ದರ ಹಾಕಿದವರ ಹೆಸರು ಹೊರಬೀಳುತ್ತದೆ. ರೈತ ಒಪ್ಪಿದರೆ ತೂಕ, ತೂಕದ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಹಣ. ಒಪ್ಪದಿದ್ದರೆ ಲಾಟ್ ಇನ್ನೊಂದು ಟೆಂಡರಿಗೆ ಉಳಿಯುತ್ತದೆ.

ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಕಲಿಯಲು ಈ ಪೇಟೆಗಿಂತ ಒಳ್ಳೆಯ ಪಾಠಶಾಲೆ ಹಾವೇರಿಯಿಂದ ಧಾರವಾಡದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಪ್ಯಾಟರ್ನ್‌ಗಳ, ಅಂದರೆ ತಂತ್ರಾಂಶ ಕಟ್ಟುವ ಪರಿಚಿತ ಮಾದರಿಗಳ, ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋದವರು ಸಂದರ್ಶನದ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಮೊದಲ ಪ್ರಶ್ನೆ ‘ಮೈಕ್ರೊಸರ್ವಿಸ್ ಅಂದರೇನು’, ಎರಡನೆಯದು ‘ನಿಮ್ಮ ಪ್ರಾಜೆಕ್ಟಿಗೆ ಅದು ಯಾಕೆ ಬೇಕಿತ್ತು’. ಪ್ರತಿ ಪ್ಯಾಟರ್ನೂ ಯಾವುದೋ ಒಂದು ಕಾಟಕ್ಕೆ ಹುಟ್ಟಿದ ಮದ್ದು. ಕಾಟ ಯಾವುದೆಂದು ತಿಳಿಯದೆ ಮದ್ದು ಕುಡಿದವರಿಗೆ ಅದರ ಅಡ್ಡಪರಿಣಾಮವಷ್ಟೇ ಸಿಗುತ್ತದೆ. ಹಾಗಾಗಿ ಇಲ್ಲಿ ಮೊದಲು ಕಾಟ, ಆಮೇಲೆ ಪ್ಯಾಟರ್ನ್.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕರ್ನಾಟಕದ ಎಪಿಎಂಸಿಗಳಿಗೆ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿದೆ. ನಾವು ಬಿಡಿಸಿ ನೋಡುತ್ತಿರುವುದು ಅದರ ಒಳರಚನೆಯನ್ನಲ್ಲ. ಪೇಟೆಯ ಕೆಲಸದ ಹರಿವನ್ನಷ್ಟೇ ಎರವಲು ಪಡೆದು, ಒಂದು ಲ್ಯಾಪ್‌ಟಾಪಿನ ಮೇಲೆ ಕಟ್ಟಬಹುದಾದ ಅಭ್ಯಾಸದ ತಂತ್ರಾಂಶ ಇದು. ಅಂಕಿಗಳೂ ಲೆಕ್ಕಕ್ಕೆ ಹಿಡಿದವು.

ಮೊದಲು ಲೆಕ್ಕ

300 ಖರೀದಿದಾರರು, ಒಬ್ಬೊಬ್ಬರು 100 ಲಾಟಿಗೆ ದರ ಹಾಕುತ್ತಾರೆ ಎಂದುಕೊಳ್ಳಿ. ಒಟ್ಟು 30,000 ಬಿಡ್. ಎಲ್ಲವೂ ಕೊನೆಯ 10 ನಿಮಿಷದಲ್ಲೇ ಬಂದವು ಅಂದರೂ ಸೆಕೆಂಡಿಗೆ 50. ಜನರ ಸ್ವಭಾವ ಗೊತ್ತೇ ಇದೆ, ಅರ್ಧಕ್ಕರ್ಧ ಬಿಡ್ ಕೊನೆಯ ಒಂದೇ ನಿಮಿಷಕ್ಕೆ ಜಾರಿದರೆ 15,000 ಭಾಗಿಸು 60, ಅಂದರೆ ಸೆಕೆಂಡಿಗೆ 250. ಸರಿಯಾಗಿ ಇಂಡೆಕ್ಸ್ ಹಾಕಿದ ಒಂದು ಸಾಧಾರಣ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಇದು ಹೊರೆಯೇ ಅಲ್ಲ.

ಇಷ್ಟು ಗುಣಾಕಾರ ಮಾಡದೆ ಸುದ್ದಿ ಸಾಗಿಸುವ ಕಾಫ್ಕಾ, ಹಲವು ಯಂತ್ರಗಳಲ್ಲಿ ಪ್ರೋಗ್ರಾಂ ಓಡಿಸುವ ಕುಬರ್ನೆಟಿಸ್ ಎಂದು ಚಿತ್ರ ಬಿಡಿಸಲು ಕೂರುವವರೇ ಹೆಚ್ಚು. ಬಿಳಿ ಹಲಗೆಯ ಮೇಲೆ ಮೊದಲು ಬೀಳಬೇಕಾದ ಸಾಲುಗಳು ಬೇರೆ: ಸೆಕೆಂಡಿಗೆ ಎಷ್ಟು ಬರಹ, ಎಷ್ಟು ಓದು, ಎಷ್ಟು ಹೊತ್ತು ನಿಂತರೆ ಯಾರಿಗೆ ನಷ್ಟ, ಯಾವ ನಿಯಮ ಪದೇ ಪದೇ ಬದಲಾಗುತ್ತದೆ, ಕೆಲಸ ಮಾಡುವ ಕೈಗಳು ಎಷ್ಟು. ಕೊನೆಯದನ್ನು ಮರೆಯುವವರು ಬಹಳ. ಐದು ಮಂದಿಯ ತಂಡ ಹನ್ನೆರಡು ಸರ್ವಿಸ್, ಅಂದರೆ ಬೇರೆ ಬೇರೆಯಾಗಿ ಓಡುವ ಹನ್ನೆರಡು ಪ್ರೋಗ್ರಾಂ, ಸಾಕುವುದೆಂದರೆ ಎರಡು ಎಕರೆಗೆ ಆರು ಜೋಡಿ ಎತ್ತು ಕಟ್ಟಿದ ಹಾಗೆ. ಉಳುವುದಕ್ಕಿಂತ ಮೇವು ಹಾಕುವುದೇ ಕೆಲಸವಾಗುತ್ತದೆ.

ಪದರಗಳು: ಒಂದು ಬಿಡ್‌ನ ಹಾದಿ

ಲೇಯರ್ಡ್ ಆರ್ಕಿಟೆಕ್ಚರ್ ಬಹಳ ಹಳೆಯದು, ಬಹಳ ಬಳಕೆಯಲ್ಲಿರುವುದು. ಮೇಲೆ ಪರದೆ ಮತ್ತು ಎಪಿಐ (ಬೇರೆ ಪ್ರೋಗ್ರಾಂಗಳು ಮಾತಾಡಿಸುವ ಬಾಗಿಲು), ನಡುವೆ ಪೇಟೆಯ ನಿಯಮ, ಕೆಳಗೆ ಡೇಟಾಬೇಸ್. ಮೇಲಿನದು ಕೆಳಗಿನದನ್ನು ಕರೆಯಬಹುದು, ಕೆಳಗಿನದು ಮೇಲಿನದನ್ನು ಕರೆಯಕೂಡದು. ಕೇಳಲು ಇಷ್ಟೇ. ತಪ್ಪುವುದು ವಿವರದಲ್ಲಿ.

ಖರೀದಿದಾರ ಮೊಬೈಲಿನಲ್ಲಿ ಲಾಟ್ 412ಕ್ಕೆ ಕ್ವಿಂಟಲಿಗೆ 28,500 ರೂಪಾಯಿ ಎಂದು ಒತ್ತಿದ. ಮೇಲಿನ ಪದರ ನೋಡಬೇಕಾದ್ದು ಮೂರೇ: ಇವನು ಲಾಗಿನ್ ಆಗಿದ್ದಾನೆಯೇ, ಬಂದದ್ದು ಅಂಕಿಯೇ, ಲಾಟ್ ನಂಬರ್ ಖಾಲಿ ಇಲ್ಲವಲ್ಲ? ನಡುವಿನ ಪದರ ಪೇಟೆಯ ಪ್ರಶ್ನೆಗಳನ್ನು ಕೇಳುತ್ತದೆ: ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಟೆಂಡರ್ ಇನ್ನೂ ತೆರೆದಿದೆಯೇ, ಇದೇ ಲಾಟಿಗೆ ಇವನ ಹಿಂದಿನ ದರ ಇದ್ದರೆ ತಿದ್ದಬಹುದೇ, ಇಬ್ಬರ ದರ ಸಮ ಬಂದರೆ ಯಾರಿಗೆ? ಕೆಳಗಿನ ಪದರಕ್ಕೆ ಇದಾವುದರ ಗೊಡವೆ ಇಲ್ಲ, ಬರೆದು ಇಡುವುದಷ್ಟೇ.

ದುಡ್ಡು, ತೂಕಗಳನ್ನು ಫ್ಲೋಟ್‌ನಲ್ಲಿ, ಅಂದರೆ ದಶಾಂಶವನ್ನು ಅಂದಾಜಿನಲ್ಲಿ ಹಿಡಿದಿಡುವ ಬಗೆಯಲ್ಲಿ, ಇಡಬೇಡಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ದಿನಕ್ಕೆ ಸಾವಿರಾರು ಬಿಲ್ಲು ಕೂಡಿಸುವ ಲೆಕ್ಕದ ಗುಮಾಸ್ತನಿಗೆ ಸಂಜೆ ಕೆಲವು ಪೈಸೆ ಹೆಚ್ಚುಕಡಿಮೆಯಾದರೂ ರಾತ್ರಿ ಊಟ ಸೇರುವುದಿಲ್ಲ. ದರ ಪೈಸೆಯಲ್ಲಿ, ತೂಕ ಗ್ರಾಮಿನಲ್ಲಿ, ಎರಡೂ ಪೂರ್ಣಾಂಕ. 612 ಕಿಲೊ 400 ಗ್ರಾಂ ಮಾಲು, ಕ್ವಿಂಟಲಿಗೆ 28,500 ಎಂದರೆ 6,12,400 ಗುಣಿಸು 28,50,000, ಭಾಗಿಸು 1,00,000. ಬಂದದ್ದು 1,74,53,400 ಪೈಸೆ, ಅಂದರೆ 1,74,534 ರೂಪಾಯಿ. ಭಾಗಾಕಾರದಲ್ಲಿ ಉಳಿಕೆ ಬಂದರೆ ಮೇಲಕ್ಕೋ ಕೆಳಕ್ಕೋ ಎಂಬ ನಿಯಮ ನಡುವಿನ ಪದರದ ಒಂದೇ ಒಂದು ಫಂಕ್ಷನ್ನಿನಲ್ಲಿರಲಿ.

ಪದರಗಳು ಹಾಳಾಗುವುದು ಎರಡು ಬಗೆಯಲ್ಲಿ. ಮೊದಲನೆಯದು ಸೋರಿಕೆ. ‘ದರ ಸಮ ಬಂದರೆ ಮೊದಲು ಹಾಕಿದವನಿಗೆ’ ಎಂಬ ನಿಯಮವನ್ನು ಯಾರೋ ಎಸ್‌ಕ್ಯುಎಲ್ ಕ್ವೆರಿಯ ವಿಂಗಡಣೆಯಲ್ಲಿ ಬರೆದಿರುತ್ತಾರೆ, ಇನ್ಯಾರೋ ಪರದೆಯ ಜಾವಾಸ್ಕ್ರಿಪ್ಟಿನಲ್ಲಿ. ಮೊಬೈಲ್ ಆಪ್ ಬಂದಾಗ ಮೂರನೆಯ ಪ್ರತಿ ಹುಟ್ಟುತ್ತದೆ. ಮುಂದೆ ನಿಯಮ ಬದಲಾದಾಗ ಎರಡು ಕಡೆ ತಿದ್ದಿ ಒಂದು ಕಡೆ ಬಿಡುತ್ತಾರೆ. ಪರದೆ ಒಬ್ಬನ ಹೆಸರು ತೋರಿಸುತ್ತದೆ, ಬಿಲ್ಲು ಇನ್ನೊಬ್ಬನ ಹೆಸರಿಗೆ ಹರಿಯುತ್ತದೆ. ಎರಡನೆಯದು ಹುರುಳಿಲ್ಲದ ಪದರ: ನಡುವಿನ ಪದರದ ಹತ್ತರಲ್ಲಿ ಒಂಬತ್ತು ಫಂಕ್ಷನ್ ಬಂದದ್ದನ್ನು ಬಂದ ಹಾಗೇ ಕೆಳಕ್ಕೆ ದಾಟಿಸುತ್ತಿದ್ದರೆ ಆ ಭಾಗಕ್ಕೆ ಪದರವೇ ಬೇಡವಾಗಿತ್ತು.

ಎಂವಿಸಿಯನ್ನು (ಮಾಡೆಲ್, ವ್ಯೂ, ಕಂಟ್ರೋಲರ್: ದತ್ತಾಂಶ, ನೋಟ, ಬಳಕೆದಾರನ ಆಜ್ಞೆ ಪಡೆಯುವ ಭಾಗ) ಇದರ ಜೊತೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. 1979ರಲ್ಲಿ ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಟ್ರಿಗ್ವೆ ರೀನ್ಸ್‌ಕೌಗ್ ರೂಪಿಸಿದ್ದು ಅದು, ಪರದೆಯ ಕೆಲಸವನ್ನು ಹಂಚಿಕೊಳ್ಳುವ ಬಗೆ. ಇಡೀ ತಂತ್ರಾಂಶದ ನಕ್ಷೆಯೇನಲ್ಲ. ನಿಯಮಗಳನ್ನೆಲ್ಲ ಕಂಟ್ರೋಲರಿನಲ್ಲಿ ತುಂಬಿ ‘ಎಂವಿಸಿ ಮಾಡಿದ್ದೇವೆ’ ಅನ್ನುವ ಪ್ರಾಜೆಕ್ಟುಗಳಲ್ಲಿ ಕಂಟ್ರೋಲರ್ ಫೈಲು ಎರಡು ಸಾವಿರ ಸಾಲು ದಾಟಿರುತ್ತದೆ.

ಮುಚ್ಚುವ ಕ್ಷಣ

ಪದರಗಳು ಎಷ್ಟೇ ಚೆಂದವಿದ್ದರೂ ಈ ತಂತ್ರಾಂಶದ ಮಾನ ಹೋಗುವುದು ಟೆಂಡರ್ ಮುಚ್ಚುವ ಒಂದು ಕ್ಷಣದಲ್ಲಿ. ಇದನ್ನು ಹತ್ತಿರದಿಂದ ನೋಡೋಣ.

ಗಡಿಯಾರ ಯಾರದ್ದು? ಫೋನಿನದು ನಂಬಲಾಗದು, ಯಾರು ಬೇಕಾದರೂ ಹಿಂದಿಡಬಹುದು. ಸರ್ವರ್ ಎರಡಿದ್ದರೆ ಅವುಗಳ ನಡುವೆಯೂ ಚೂರು ಅಂತರ ಇರುತ್ತದೆ. ಡೇಟಾಬೇಸಿನ ಗಡಿಯಾರವೊಂದೇ ಪ್ರಮಾಣ ಎಂದು ನಿರ್ಧರಿಸಿ. ಆದರೆ ಅಲ್ಲೂ ಒಂದು ಗುಂಡಿ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ನೌ’ ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೆ ಏನೂ ಆಗದ ಕೆಲಸಗಳ ಕಟ್ಟು) ಶುರುವಾದ ಹೊತ್ತನ್ನು, ಈಗಿನ ಹೊತ್ತನ್ನಲ್ಲ. ಟೆಂಡರ್ 3 ಗಂಟೆಗೆ ಮುಚ್ಚುತ್ತದೆ ಎಂದುಕೊಳ್ಳಿ. 3 ಗಂಟೆಗೆ ಒಂದು ಸೆಕೆಂಡ್ ಇರುವಾಗ ಶುರುವಾಗಿ, ಲಾಕ್‌ಗಾಗಿ (ಬೇರೆಯವರು ಹಿಡಿದ ಸಾಲು ಬಿಡುಗಡೆಯಾಗಲೆಂದು) ಐದು ಸೆಕೆಂಡ್ ಕಾದ ಬಿಡ್‌ಗೆ ಇನ್ನೂ 3 ಆಗಿಯೇ ಇರುವುದಿಲ್ಲ! ಆ ಕ್ಷಣದ ನಿಜವಾದ ಹೊತ್ತು ಬೇಕಿದ್ದರೆ ‘ಕ್ಲಾಕ್ ಟೈಮ್‌ಸ್ಟ್ಯಾಂಪ್’ ಎಂಬ ಇನ್ನೊಂದು ಫಂಕ್ಷನ್ ಇದೆ.

ಇನ್ನೂ ಸೂಕ್ಷ್ಮವಾದದ್ದು ಓಟದ ಪೈಪೋಟಿ. ಮುಚ್ಚುವ ಪ್ರೋಗ್ರಾಂ ಎಲ್ಲ ಬಿಡ್ ಓದಿ ಗೆದ್ದವನನ್ನು ಆರಿಸುತ್ತಿರುವಾಗ, ಸಮಯಕ್ಕೆ ಸರಿಯಾಗಿ ಬಂದ ಒಂದು ಬಿಡ್ ಇನ್ನೂ ಕಮಿಟ್ ಆಗಿರುವುದಿಲ್ಲ, ಅಂದರೆ ಖಾಯಂ ಆಗಿ ದಾಖಲಾಗಿರುವುದಿಲ್ಲ. ಮುಚ್ಚುವವನಿಗೆ ಅದು ಕಾಣದು. ಮರುಕ್ಷಣ ಅದು ಕಮಿಟ್ ಆಗುತ್ತದೆ, ಗೆದ್ದವನಿಗಿಂತ ಹೆಚ್ಚಿನ ದರದೊಂದಿಗೆ. ಮರುದಿನ ಪಟ್ಟಿ ನೋಡಿದ ರೈತ ಕೇಳುವ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ಪರಿಹಾರ ಹೀಗೆ: ಬಿಡ್ ಹಾಕುವ ಟ್ರಾನ್ಸಾಕ್ಷನ್ ಮೊದಲು ಲಾಟ್‌ನ ಸಾಲಿಗೆ ‘ಫಾರ್ ಶೇರ್’ ಲಾಕ್ ಹಾಕಲಿ. ಇದು ಹಂಚಿಕೊಳ್ಳುವ ಲಾಕ್ ಆದ್ದರಿಂದ ಬಿಡ್‌ಗಳು ಒಂದನ್ನೊಂದು ತಡೆಯುವುದಿಲ್ಲ. ಮುಚ್ಚುವ ಟ್ರಾನ್ಸಾಕ್ಷನ್ ಅದೇ ಸಾಲಿಗೆ ‘ಫಾರ್ ಅಪ್‌ಡೇಟ್’ ಲಾಕ್ ಕೇಳಲಿ. ಒಳಗಿದ್ದ ಬಿಡ್‌ಗಳೆಲ್ಲ ಮುಗಿಯುವತನಕ ಅದು ಕಾಯುತ್ತದೆ, ಆಮೇಲೆ ಲಾಟ್‌ನ ಸ್ಥಿತಿಯನ್ನು ‘ಮುಚ್ಚಿದೆ’ ಎಂದು ಬದಲಿಸಿ ಗೆದ್ದವನನ್ನು ಆರಿಸುತ್ತದೆ. ತಡವಾಗಿ ಬಂದ ಬಿಡ್‌ಗೆ ಲಾಕ್ ಸಿಕ್ಕ ಮೇಲೆ ಸ್ಥಿತಿ ನೋಡಿದರೆ ಬಾಗಿಲು ಹಾಕಿರುತ್ತದೆ. ಲಾಕ್ ಸಿಗುವ ಮೊದಲೇ ಸ್ಥಿತಿ ನೋಡಿದರೆ ಈ ಕಸರತ್ತೆಲ್ಲ ವ್ಯರ್ಥ.

ಸಿಗ್ನಲ್ ಇಲ್ಲದ ಮೂಲೆಯಲ್ಲಿ ಬಟನ್ನು ಎರಡು ಸಲ ಒತ್ತುವವರಿಗೆ ಬೇರೆ ಮದ್ದು. ಫೋನು ಪ್ರತಿ ಬಿಡ್‌ಗೆ ಒಂದು ವಿಶಿಷ್ಟ ಕೋರಿಕೆ ಸಂಖ್ಯೆ ಹುಟ್ಟಿಸಿ ಕಳಿಸಲಿ, ಟೇಬಲ್ಲಿನಲ್ಲಿ ಅದಕ್ಕೆ ಯುನೀಕ್ ನಿರ್ಬಂಧ ಇರಲಿ. ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಹಿಂದಿರುಗಿಸಿ. ಎಷ್ಟು ಸಲ ಮಾಡಿದರೂ ಒಂದೇ ಸಲ ಮಾಡಿದ ಫಲ ಕೊಡುವ ಈ ಗುಣಕ್ಕೆ ಐಡೆಂಪೊಟೆನ್ಸಿ ಎನ್ನುತ್ತಾರೆ. ಮುಂದೆ ಬರುವ, ಸುದ್ದಿ ಕಳಿಸುವ ಪ್ಯಾಟರ್ನ್‌ಗಳು ಈ ಒಂದು ಗುಣದ ಮೇಲೆ ನಿಂತಿವೆ. ಹೆಸರು ಕಷ್ಟದ್ದು ಅಂತ ಬಿಟ್ಟುಹೋಗಬೇಡಿ.

ತಕ್ಕಡಿಯ ತಂತಿ ಮತ್ತು ಹೆಕ್ಸಾಗನ್

ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಹೆಚ್ಚಾಗಿ ಸೀರಿಯಲ್ ಕೇಬಲ್ ಮೂಲಕ ಅಕ್ಷರಗಳ ಸಾಲು ಕಳಿಸುತ್ತವೆ. ಒಂದು ಕಂಪನಿಯದು ಕಿಲೊದಲ್ಲಿ, ಇನ್ನೊಂದರದು ಗ್ರಾಮಿನಲ್ಲಿ. ಒಂದು ತೂಕ ಸ್ಥಿರವಾದಾಗ ಮಾತ್ರ ಕಳಿಸುತ್ತದೆ, ಇನ್ನೊಂದು ಚೀಲ ಅಲ್ಲಾಡುತ್ತಿರುವಾಗಲೂ ಸುರಿಯುತ್ತಲೇ ಇರುತ್ತದೆ. ಬಿಲ್ಲಿನ ಕೋಡಿನೊಳಗೇ ಈ ಸಾಲನ್ನು ಬಿಡಿಸಲು ಹೊರಟರೆ ಹೊಸ ಯಂತ್ರ ಬಂದಾಗಲೆಲ್ಲ ಬಿಲ್ಲಿನ ಲೆಕ್ಕ ಮುಟ್ಟಬೇಕಾಗುತ್ತದೆ.

2005ರಲ್ಲಿ ಅಲಿಸ್ಟೇರ್ ಕಾಕ್‌ಬರ್ನ್ ಬರೆದ ಹೆಕ್ಸಾಗನಲ್ ಅಥವಾ ಪೋರ್ಟ್ಸ್ ಆ್ಯಂಡ್ ಅಡಾಪ್ಟರ್ಸ್ ಪ್ಯಾಟರ್ನಿಗೆ ಇಲ್ಲಿ ಕೆಲಸ. ಆರು ಮೂಲೆಗೆ ಗೂಢಾರ್ಥವೇನಿಲ್ಲ, ಚಿತ್ರದಲ್ಲಿ ಜಾಗ ಸಿಗಲಿ ಎಂದು ಬಿಡಿಸಿದ ಆಕಾರ. ನಡುವೆ ಪೇಟೆಯ ನಿಯಮ. ಅದು ಹೊರಗಿನ ಲೋಕಕ್ಕೆ ‘ನನಗೆ ಗ್ರಾಮಿನಲ್ಲಿ ಸ್ಥಿರವಾದ ತೂಕ ಕೊಡು’ ಎಂದು ಒಂದು ಬೇಡಿಕೆ ಬರೆದಿಡುತ್ತದೆ. ಅದೇ ಪೋರ್ಟ್. ಪ್ರತಿ ಯಂತ್ರಕ್ಕೂ ಆ ಬೇಡಿಕೆ ಪೂರೈಸುವ ಒಂದು ಅಡಾಪ್ಟರ್. ಎಸ್‌ಎಂಎಸ್, ಬ್ಯಾಂಕ್, ಡೇಟಾಬೇಸ್ ಎಲ್ಲಕ್ಕೂ ಇದೇ ಕ್ರಮ. ಪದರಗಳ ವಿನ್ಯಾಸದಲ್ಲಿ ನಿಯಮಗಳು ಡೇಟಾಬೇಸಿನ ಮೇಲೆ ಕೂತಿದ್ದವು. ಇಲ್ಲಿ ಡೇಟಾಬೇಸೂ ಹೊರಗಿನ ಒಂದು ಯಂತ್ರ, ನಿಯಮಕ್ಕೆ ಅದರ ಹೆಸರೇ ಗೊತ್ತಿಲ್ಲ.

ಲಾಭ ಸಿಗುವುದು ಟೆಸ್ಟಿನಲ್ಲಿ. ನಕಲಿ ತಕ್ಕಡಿ, ನಕಲಿ ಗಡಿಯಾರ, ಮೆಮೊರಿಯಲ್ಲೇ ಇರುವ ನಕಲಿ ಸಂಗ್ರಹ ಜೋಡಿಸಿ ‘3 ಗಂಟೆಗೆ ಒಂದು ಮಿಲಿಸೆಕೆಂಡ್ ಮೊದಲು’ ಎಂಬ ಸನ್ನಿವೇಶವನ್ನು ಕಣ್ಣು ಮಿಟುಕಿಸುವುದರಲ್ಲಿ ನೂರು ಸಲ ಓಡಿಸಬಹುದು. ಲಾಕ್‌ನ ಪೈಪೋಟಿಯನ್ನು ಮಾತ್ರ ನಕಲಿ ಸಂಗ್ರಹ ಹಿಡಿಯುವುದಿಲ್ಲ, ಅದಕ್ಕೆ ನಿಜವಾದ ಪೋಸ್ಟ್‌ಗ್ರೆಸ್ಸೇ ಬೇಕು. ನಷ್ಟವೂ ಇದೆ. ಹತ್ತು ಪರದೆಯ, ನಿಯಮವೇ ಇಲ್ಲದ, ಬರೀ ದಾಖಲೆ ತುಂಬುವ ತಂತ್ರಾಂಶಕ್ಕೆ ಈ ವೇಷ ಹಾಕಿದರೆ ಒಂದು ಕಾಲಂ ಸೇರಿಸಲು ಏಳು ಫೈಲು ತೆರೆಯಬೇಕಾಗುತ್ತದೆ.

ಒಂದೇ ಮನೆಯೋ, ಬೇರೆ ಬೇರೆ ಮನೆಯೋ

ಮಾನೊಲಿತ್ ಎಂದರೆ ಬೈಗುಳ ಎಂದು ತಿಳಿದ ಹುಡುಗರು ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಸಿಗುತ್ತಾರೆ, ಬೆಂಗಳೂರಿನಲ್ಲೂ ಸಿಗುತ್ತಾರೆ. ಅದರ ಅರ್ಥ ಇಷ್ಟೇ: ಇಡೀ ತಂತ್ರಾಂಶ ಒಂದೇ ಗಂಟಾಗಿ ಬಿಡುಗಡೆಯಾಗುತ್ತದೆ, ಒಂದೇ ಪ್ರೋಸೆಸ್ಸಾಗಿ ಓಡುತ್ತದೆ. ಒಳಗೆ ಅಚ್ಚುಕಟ್ಟಾಗಿದೆಯೋ ಕೊಳಕಾಗಿದೆಯೋ ಅದು ಬೇರೆ ಮಾತು.

ಅಚ್ಚುಕಟ್ಟಾಗಿಡುವ ಬಗೆಗೆ ಮಾಡ್ಯುಲರ್ ಮಾನೊಲಿತ್ ಎನ್ನುತ್ತಾರೆ. ನಮ್ಮ ತಂತ್ರಾಂಶಕ್ಕೆ ಐದು ಮಾಡ್ಯೂಲ್: ಲಾಟ್, ಬಿಡ್, ತೂಕ, ಬಿಲ್ಲು, ಸಂದೇಶ. ಪ್ರತಿಯೊಂದಕ್ಕೂ ಅದರದೇ ಫೋಲ್ಡರ್, ಡೇಟಾಬೇಸಿನಲ್ಲಿ ಅದರದೇ ಸ್ಕೀಮಾ (ಟೇಬಲ್ಲುಗಳ ಪ್ರತ್ಯೇಕ ಗುಂಪು). ಬಿಲ್ಲಿನ ಮಾಡ್ಯೂಲಿಗೆ ತೂಕ ಬೇಕಾದರೆ ತೂಕದ ಮಾಡ್ಯೂಲ್ ಹೊರಗಿಟ್ಟ ಫಂಕ್ಷನ್ ಕರೆಯಬೇಕು, ಅದರ ಟೇಬಲ್ಲಿಗೆ ಕೈ ಹಾಕಕೂಡದು. ಬಾಯಿಮಾತಿನ ನಿಯಮ ಮೂರು ವಾರ ಬಾಳುವುದಿಲ್ಲ, ಯಂತ್ರಕ್ಕೇ ಕಾವಲು ಕೊಡಿ. ಜಾವಾದಲ್ಲಿ ಆರ್ಕ್‌ಯುನಿಟ್, ಪೈಥಾನ್‌ನಲ್ಲಿ ಇಂಪೋರ್ಟ್ ಲಿಂಟರ್ ಇವೆ. ಗಡಿ ದಾಟಿದ ಕೋಡು ಬಂದರೆ ಬಿಲ್ಡ್ ನಿಲ್ಲಬೇಕು. ಗಡಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಡೇವಿಡ್ ಪಾರ್ನಸ್ 1972ರಲ್ಲಿ ಕೊಟ್ಟ ಉತ್ತರ ಇಂದಿಗೂ ಚಲಾವಣೆಯಲ್ಲಿದೆ: ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲಿನೊಳಗೆ ಮುಚ್ಚಿಡಿ.

ಮೈಕ್ರೊಸರ್ವಿಸ್ ಎಂಬ ಹೆಸರು 2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಎಲ್ಲೆಡೆ ಹಬ್ಬಿತು. ಪ್ರತಿ ಮಾಡ್ಯೂಲೂ ಬೇರೆ ಪ್ರೋಸೆಸ್, ಬೇರೆ ಡೇಟಾಬೇಸ್, ಬೇರೆ ಬಿಡುಗಡೆ, ನಡುವೆ ನೆಟ್‌ವರ್ಕ್. ಈ ನೆಟ್‌ವರ್ಕ್ ಎಂಬುದರ ಬೆಲೆ ತಿಳಿಯಬೇಕು. ಒಂದೇ ಪ್ರೋಸೆಸ್ಸಿನೊಳಗೆ ಫಂಕ್ಷನ್ ಕರೆಯಲು ಕೆಲವೇ ನ್ಯಾನೊಸೆಕೆಂಡ್ ಸಾಕು. ಅದೇ ಡೇಟಾ ಸೆಂಟರಿನ ಇನ್ನೊಂದು ಯಂತ್ರಕ್ಕೆ ಹೋಗಿಬರಲು ಸುಮಾರು ಅರ್ಧ ಮಿಲಿಸೆಕೆಂಡ್. ಹತ್ತಿರ ಹತ್ತಿರ ಒಂದು ಲಕ್ಷ ಪಟ್ಟು. ಪಡಸಾಲೆಯಿಂದ ಅಡುಗೆಮನೆಗೆ 4 ಮೀಟರ್ ಎಂದುಕೊಂಡರೆ ಅದರ ಲಕ್ಷ ಪಟ್ಟು 400 ಕಿಲೊಮೀಟರ್. ಅಂದರೆ ಉಪ್ಪು ಬೇಕಾದಾಗಲೆಲ್ಲ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಬೇಕು. ಒಂದು ಸಲವಾದರೆ ಸರಿ, ಒಂದು ಲೂಪಿನೊಳಗೆ 500 ಲಾಟಿಗೆ 500 ಸಲ ಕರೆದರೆ ಕಾಲು ಸೆಕೆಂಡ್ ಬರೀ ಪ್ರಯಾಣಕ್ಕೇ ಹೋಯಿತು.

ಹಾದಿಯಲ್ಲಿ ಬಸ್ ಕೆಡುವುದೂ ಉಂಟು. ಒಂದು ಬಿಡ್ ಮುಗಿಯಲು ಐದು ಸರ್ವಿಸ್ ಸಾಲಾಗಿ ಎದ್ದಿರಬೇಕು, ಒಂದೊಂದೂ 99.9 ಶೇಕಡಾ ಹೊತ್ತು ಎದ್ದಿರುತ್ತದೆ ಎಂದರೆ ಐದೂ ಒಟ್ಟಿಗೆ ಎದ್ದಿರುವುದು 99.5 ಶೇಕಡಾ. 30 ದಿನದ ತಿಂಗಳಲ್ಲಿ ಒಂದೇ ಸರ್ವಿಸ್ ಆಗಿದ್ದರೆ 43 ನಿಮಿಷ ನಿಲ್ಲುತ್ತಿತ್ತು. ಈಗ ಮೂರೂವರೆ ತಾಸು.

ಇಷ್ಟಾದರೂ ಅದನ್ನು ಆರಿಸಿಕೊಳ್ಳಲು ನಿಜವಾದ ಕಾರಣಗಳಿವೆ. ಒಂದು ಭಾಗಕ್ಕೆ ಮಾತ್ರ ಹತ್ತು ಪಟ್ಟು ಯಂತ್ರ ಬೇಕಾದಾಗ, ಒಂದು ಭಾಗ ಬಿದ್ದರೂ ಉಳಿದದ್ದು ನಡೆಯಲೇಬೇಕಾದಾಗ, ಎಲ್ಲಕ್ಕಿಂತ ಮುಖ್ಯವಾಗಿ ಹಲವು ತಂಡಗಳು ಒಂದು ಇನ್ನೊಂದಕ್ಕೆ ಕಾಯದೆ ಬಿಡುಗಡೆ ಮಾಡಬೇಕಾದಾಗ. ಸಂಸ್ಥೆಯೊಳಗೆ ಮಾತುಕತೆ ಹೇಗೆ ಹರಿಯುತ್ತದೋ ಅದು ಕಟ್ಟುವ ತಂತ್ರಾಂಶವೂ ಹಾಗೇ ಇರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದರು. ತಂಡ ಒಂದೇ ಇದ್ದು ಸರ್ವಿಸ್ ಹನ್ನೆರಡಾದರೆ ಕೊನೆಗೆ ಹುಟ್ಟುವುದು ಹಂಚಿಹೋದ ಮಾನೊಲಿತ್. ಗುರುತು ಸುಲಭ: ಎರಡು ಸರ್ವಿಸ್ ಒಂದೇ ಟೇಬಲ್ಲಿಗೆ ಬರೆಯುತ್ತಿವೆ, ಮತ್ತು ಒಂದನ್ನು ಬಿಡುಗಡೆ ಮಾಡಲು ಉಳಿದವನ್ನೂ ಅದೇ ರಾತ್ರಿ ಬಿಡುಗಡೆ ಮಾಡಬೇಕು.

ಫಲಿತಾಂಶ ಬಂದ ಮೇಲೆ: ಇವೆಂಟ್, ಕ್ಯೂ, ಔಟ್‌ಬಾಕ್ಸ್

ಟೆಂಡರ್ ಮುಚ್ಚಿತು. ರೈತನಿಗೆ ಎಸ್‌ಎಂಎಸ್, ದಲಾಲರಿಗೆ ಪಟ್ಟಿ, ತೂಕದ ಕಟ್ಟೆಗೆ ಸರದಿ, ದಿನದ ವರದಿಗೆ ದರ. ಇವೆಲ್ಲವನ್ನೂ ಮುಚ್ಚುವ ಟ್ರಾನ್ಸಾಕ್ಷನ್ ಒಳಗೇ ಮಾಡಿದರೆ ಏನಾಗುತ್ತದೆ? ಎಸ್‌ಎಂಎಸ್ ಗೇಟ್‌ವೇ ಅಂದು 3 ಸೆಕೆಂಡ್ ತೆಗೆದುಕೊಳ್ಳುತ್ತಿದೆ ಎಂದುಕೊಳ್ಳಿ. ಡೇಟಾಬೇಸಿಗೆ 10 ಕನೆಕ್ಷನ್ ಇರುವ ಪೂಲ್, ಅಂದರೆ ಎಲ್ಲರೂ ಸರದಿಯಲ್ಲಿ ಬಳಸುವ ಸಂಪರ್ಕಗಳ ಕಟ್ಟು. ಹತ್ತೂ ಎಸ್‌ಎಂಎಸ್‌ಗಾಗಿ ಕಾಯುತ್ತ ಕೂತರೆ ಸೆಕೆಂಡಿಗೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಸಾಗಬಹುದು. ನಮಗೆ ಬೇಕಿದ್ದದ್ದು 250. ಪೂಲ್ ದೊಡ್ಡದು ಮಾಡೋಣ ಎಂದು ನಾಲ್ಕು ಪ್ರೋಸೆಸ್ಸಿಗೆ ತಲಾ 30 ಕೊಟ್ಟರೆ 120 ಆಯಿತು. ಪೋಸ್ಟ್‌ಗ್ರೆಸ್ ತಾನಾಗಿ ಒಪ್ಪುವ ಮಿತಿ 100. ಆಗ ಎಸ್‌ಎಂಎಸ್ಸಿಗೆ ಸಂಬಂಧವೇ ಇಲ್ಲದ ಲಾಗಿನ್ ಕೂಡ ಬೀಳುತ್ತದೆ.

ಹಾಗಾಗಿ ‘ಲಾಟ್ 412 ಮುಚ್ಚಿತು, ಗೆದ್ದವರು ಇಂಥವರು’ ಎಂಬ ಸುದ್ದಿಯನ್ನಷ್ಟೇ ಹೊರಬಿಟ್ಟು, ಬೇಕಾದವರು ಬೇಕಾದಾಗ ಎತ್ತಿಕೊಳ್ಳಲಿ ಎನ್ನುವುದು ಇವೆಂಟ್ ಆಧಾರಿತ ವಿನ್ಯಾಸ. ಸುದ್ದಿ ಹೊತ್ತು ನಿಲ್ಲುವ ಜಾಗ ಕ್ಯೂ. ಇಲ್ಲಿ ಕಾದು ಕೂತಿರುವ ತಪ್ಪು ಇದು: ಫಲಿತಾಂಶವನ್ನು ಡೇಟಾಬೇಸಿಗೆ ಕಮಿಟ್ ಮಾಡಿದಿರಿ, ಕ್ಯೂಗೆ ಹಾಕುವ ಮುನ್ನ ಕರೆಂಟು ಹೋಯಿತು. ಲಾಟ್ ಮುಚ್ಚಿದೆ, ಯಾರಿಗೂ ಸುದ್ದಿಯಿಲ್ಲ. ಮೊದಲು ಕ್ಯೂಗೆ ಹಾಕಿ ಆಮೇಲೆ ಕಮಿಟ್ ಮಾಡೋಣವೆಂದರೆ, ಕಮಿಟ್ ಬಿದ್ದಾಗ ಆಗದ ಮಾರಾಟಕ್ಕೆ ರೈತನಿಗೆ ಎಸ್‌ಎಂಎಸ್ ಹೋಗಿರುತ್ತದೆ.

ಔಟ್‌ಬಾಕ್ಸ್ ಪ್ಯಾಟರ್ನ್ ಈ ಸಂದಿಗೆ ಹಾಕಿದ ಬೆಣೆ. ಅದೇ ಡೇಟಾಬೇಸಿನಲ್ಲಿ ‘ಹೊರಡಬೇಕಾದ ಸುದ್ದಿ’ ಎಂಬ ಒಂದು ಟೇಬಲ್. ಫಲಿತಾಂಶದ ಸಾಲೂ ಸುದ್ದಿಯ ಸಾಲೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬೀಳುತ್ತವೆ: ಎರಡೂ ಉಳಿಯುತ್ತವೆ, ಇಲ್ಲವೆ ಎರಡೂ ಇಲ್ಲ. ಬೇರೊಂದು ಪುಟ್ಟ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಆ ಟೇಬಲ್ ನೋಡಿ, ಕಳಿಸಿ, ‘ಹೋಯಿತು’ ಎಂದು ಗುರುತು ಹಾಕುತ್ತದೆ. ಈ ಪ್ರೋಗ್ರಾಂ ಎರಡು ಪ್ರತಿ ಓಡುತ್ತಿದ್ದರೆ ಒಂದೇ ಸಾಲಿಗೆ ಜಗಳವಾಗದಂತೆ ಲಾಕ್ ಆದ ಸಾಲು ಬಿಟ್ಟು ಮುಂದೆ ಹೋಗುವ ‘ಸ್ಕಿಪ್ ಲಾಕ್ಡ್’ ಬಳಸಿ. ಕಳಿಸಿ, ಗುರುತು ಹಾಕುವ ಮೊದಲೇ ಅದು ಸತ್ತರೆ? ಎದ್ದ ಮೇಲೆ ಮತ್ತೆ ಕಳಿಸುತ್ತದೆ. ಅಂದರೆ ಸುದ್ದಿ ತಪ್ಪುವುದಿಲ್ಲ, ಎರಡು ಸಲ ಬರಬಹುದು. ಅದಕ್ಕೇ ಪ್ರತಿ ಸುದ್ದಿಗೂ ಒಂದು ಸಂಖ್ಯೆ, ಪಡೆಯುವವನು ಆ ಸಂಖ್ಯೆ ಬರೆದಿಟ್ಟುಕೊಂಡು ಎರಡನೆಯದನ್ನು ಬಿಸಾಡಬೇಕು. ಎಸ್‌ಎಂಎಸ್ ಎರಡು ಹೋದರೆ ಕಿರಿಕಿರಿ ಅಷ್ಟೇ. ಹಣ ಎರಡು ಸಲ ಹೋದರೆ ಅದನ್ನು ವಾಪಸ್ ತರಲು ಅಂಗಡಿ ಅಂಗಡಿ ಅಲೆಯಬೇಕು.

ಕಾಫ್ಕಾ ಬಳಸುವವರು ಎರಡು ಸಂಗತಿ ನೆನಪಿಡಬೇಕು. ಅದು ಸುದ್ದಿಗಳ ಕ್ರಮ ಕಾಯುವುದು ಒಂದೇ ಪಾರ್ಟಿಷನ್ (ಸುದ್ದಿಗಳ ಒಂದು ಸಾಲು) ಒಳಗೆ ಮಾತ್ರ, ಆದ್ದರಿಂದ ಒಂದು ಲಾಟಿನ ಸುದ್ದಿಯೆಲ್ಲ ಒಂದೇ ಸಾಲಿಗೆ ಬೀಳುವಂತೆ ಲಾಟ್ ನಂಬರನ್ನೇ ಕೀ ಮಾಡಬೇಕು. ಇಲ್ಲವಾದರೆ ‘ತೂಕವಾಯಿತು’ ಎಂಬುದು ‘ಮಾರಾಟವಾಯಿತು’ ಎಂಬುದಕ್ಕಿಂತ ಮೊದಲು ಬಂದೀತು. ಇನ್ನೊಂದು, ತಾನಾಗಿ ಅದು ಸುದ್ದಿಯನ್ನು ಇಟ್ಟುಕೊಳ್ಳುವುದು 7 ದಿನ. ಸೋಮವಾರ ನಿಂತ ಬಿಲ್ಲಿನ ಪ್ರೋಗ್ರಾಮನ್ನು ಮುಂದಿನ ವಾರದ ಬುಧವಾರ ಎಬ್ಬಿಸಿದರೆ ಸೋಮವಾರದ ಸುದ್ದಿ ಅಳಿಸಿಹೋಗಿರಬಹುದು. ನಮ್ಮ ಅಭ್ಯಾಸದ ತಂತ್ರಾಂಶಕ್ಕೆ ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್ಲೇ ಕ್ಯೂ ಆಗಿ ಧಾರಾಳ ಸಾಕು.

ಕ್ಯೂ ಇಟ್ಟ ಮಾತ್ರಕ್ಕೆ ಕೆಲಸದ ವೇಗ ಹೆಚ್ಚುವುದಿಲ್ಲ. ಖಾನಾವಳಿಯ ಒಲೆ ನಿಮಿಷಕ್ಕೆ 10 ರೊಟ್ಟಿ ಕೊಡುತ್ತದೆ, ನಿಮಿಷಕ್ಕೆ 12 ಕೇಳುವ ಜನ ಕೂತಿದ್ದಾರೆ ಎಂದರೆ ಒಂದು ತಾಸಿಗೆ 120 ರೊಟ್ಟಿ ಬಾಕಿ, ಆಗ ಕೇಳಿದವನಿಗೆ 12 ನಿಮಿಷ ಕಾಯುವುದು. ಬೆಂಚು ಹೆಚ್ಚಿಸಿದರೆ ರೊಟ್ಟಿ ಬೇಗ ಬೇಯದು. ಕ್ಯೂನ ಉದ್ದಕ್ಕೆ ಮಿತಿ ಹಾಕಿ, ಅತಿ ಹಳೆಯ ಸುದ್ದಿಗೆ ಎಷ್ಟು ವಯಸ್ಸಾಯಿತು ಎಂದು ಅಳೆದು ಎಚ್ಚರಿಕೆ ಗಂಟೆ ಕಟ್ಟಿ. ಸೋತ ಕೆಲಸವನ್ನು 1, 2, 4, 8, 16 ಸೆಕೆಂಡ್ ಅಂತರದಲ್ಲಿ, ಅಂತರಕ್ಕೆ ಚೂರು ಏರುಪೇರು ಬೆರೆಸಿ, ಮತ್ತೆ ಯತ್ನಿಸಿ. ಐದು ಸಲವೂ ಸೋತರೆ ಬೇರೆ ಪಟ್ಟಿಗೆ ಸರಿಸಿ ಮನುಷ್ಯರಿಗೆ ತೋರಿಸಿ. ಆ ಏರುಪೇರು ಇಲ್ಲದಿದ್ದರೆ ಬಿದ್ದ ಗೇಟ್‌ವೇ ಎದ್ದ ಕ್ಷಣವೇ ಎಲ್ಲರೂ ಒಟ್ಟಿಗೆ ಮುಗಿಬಿದ್ದು ಮತ್ತೆ ಕೆಡವುತ್ತಾರೆ.

ರೈತ ದರ ಒಪ್ಪದಿದ್ದಾಗ ಹಿಂದಿನ ಹೆಜ್ಜೆಗಳನ್ನು ಸರಿದೂಗಿಸುವ ಕ್ರಮಕ್ಕೆ ಸಾಗಾ ಎಂಬ ಹೆಸರಿದೆ. 1987ರ ಒಂದು ಸಂಶೋಧನಾ ಪ್ರಬಂಧದಿಂದ ಬಂದದ್ದು. ಸರಿದೂಗಿಸುವುದು ಅಳಿಸುವುದಲ್ಲ. ಹೋದ ಎಸ್‌ಎಂಎಸ್ ಹಿಂದೆ ಬರುವುದಿಲ್ಲ, ‘ಮಾರಾಟ ರದ್ದಾಗಿದೆ’ ಎಂಬ ಇನ್ನೊಂದನ್ನು ಕಳಿಸಬೇಕು. ತೂಕದ ಸರದಿಯಿಂದ ಹೆಸರು ತೆಗೆದು, ಲಾಟನ್ನು ಇನ್ನೊಂದು ಟೆಂಡರಿಗೆ ತೆರೆಯಬೇಕು.

ಓದುವವರ ದಂಡು

ಬಿಡ್ ಹಾಕುವವರು 300. ಫಲಿತಾಂಶ ನೋಡುವವರು? ಊರಲ್ಲಿ ಕೂತ ರೈತ, ಅವನ ಮಗ, ಪಕ್ಕದ ಹಳ್ಳಿಯವರು. 20,000 ಮಂದಿ 5 ಸೆಕೆಂಡಿಗೊಮ್ಮೆ ಪುಟ ತಾಜಾ ಮಾಡಿದರೆ ಸೆಕೆಂಡಿಗೆ 4,000 ಓದು. ಬರೆಯುವ ದಾರಿ ಬೇರೆ, ಓದುವ ದಾರಿ ಬೇರೆ ಮಾಡುವುದು ಸಿಕ್ಯುಆರ್‌ಎಸ್. ಅದರ ಅತಿ ಸರಳ ರೂಪ: ಲಾಟ್ ಮುಚ್ಚಿದ ಸುದ್ದಿ ಬಂದಾಗ ಫಲಿತಾಂಶದ ಒಂದು ಸಣ್ಣ ಫೈಲ್ ಬರೆದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೂಲಕ ಹಂಚಿ. 4,000 ಓದೂ ಡೇಟಾಬೇಸನ್ನು ಮುಟ್ಟುವುದೇ ಇಲ್ಲ. ಬೆಲೆಯಾಗಿ ತೆರುವುದು ಒಂದೆರಡು ಸೆಕೆಂಡಿನ ಹಳಸಲು.

ಗುಟ್ಟಿನ ಟೆಂಡರಿನಲ್ಲಿ ಇದಕ್ಕೆ ಇನ್ನೊಂದು ಲಾಭ. ಓದುವ ಕಡೆಗೆ ಮುಚ್ಚಿದ ಲಾಟ್ ಮಾತ್ರ ಬರುವುದರಿಂದ, ಯಾರೋ ಎಪಿಐ ಕೆದಕಿ ತೆರೆದ ಟೆಂಡರಿನ ದರ ಕದಿಯಲು ಅಲ್ಲಿ ಏನೂ ಇರುವುದಿಲ್ಲ.

ಒಂದು ಹಂತದ ಫಲ ಮುಂದಿನ ಹಂತಕ್ಕೆ ಹರಿಯುವ ಪೈಪ್ ಆ್ಯಂಡ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುದ್ರಣಕ್ಕೆ ಹೆಸರಾದ ಗದಗಿನ ಒಂದು ಪ್ರೆಸ್ಸಿಗೆ ಹೋಗಿ ನೋಡಿ: ಅಕ್ಷರ ಜೋಡಣೆ, ಕರಡು ತಿದ್ದುವುದು, ಪ್ಲೇಟು, ಮುದ್ರಣ, ಮಡಿಕೆ, ಬೈಂಡಿಂಗ್. ಪ್ರತಿಯೊಬ್ಬರಿಗೂ ಹಿಂದಿನವರು ಕೊಟ್ಟ ಕಟ್ಟು ಗೊತ್ತು, ಉಳಿದದ್ದು ಬೇಡ. ದಿನದ ದರ ವರದಿಯನ್ನು ಹೀಗೇ ಕಟ್ಟಿ, ಪ್ರತಿ ಹಂತದ ಫಲವನ್ನೂ ಫೈಲಾಗಿ ಉಳಿಸಿ. ನಾಲ್ಕನೇ ಹಂತ ಕೆಟ್ಟರೆ ನಾಲ್ಕರಿಂದಲೇ ಮತ್ತೆ ಶುರು ಮಾಡಬಹುದು.

ಕೈಯಾರೆ ಕೆಡಿಸಿ ನೋಡುವುದು

ಕಲಿಯುವ ಕ್ರಮಕ್ಕೆ ಬರೋಣ. ಡಾಕರ್ ಎಂಬ ಸಾಧನದಲ್ಲಿ ಆರು ಕಂಟೇನರ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ ಡಬ್ಬಿ), ಒಂದು ಕಾಫ್ಕಾ, ಎರಡು ಡೇಟಾಬೇಸ್ ಒಟ್ಟಿಗೆ ಎಬ್ಬಿಸಿದರೆ 8 ಜಿಬಿ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ, ಕಲಿಯುವುದು ಡಾಕರಿನ ತಪ್ಪು ಸಂದೇಶಗಳನ್ನಷ್ಟೇ. ಮೊದಲ ಮೂರು ವಾರ ಪದರಗಳ ಮಾನೊಲಿತ್ ಒಂದನ್ನೇ ಕಟ್ಟಿ: ಲಾಟ್, ಬಿಡ್, ಮುಚ್ಚುವುದು. ನಾಲ್ಕನೇ ವಾರ ಹೊರೆ ಹಾಕಿ ಪರೀಕ್ಷಿಸುವ ಲೋಕಸ್ಟ್ ಅಥವಾ ಅಂಥದೇ ಸಾಧನದಿಂದ ಸೆಕೆಂಡಿಗೆ 250 ಬಿಡ್ ಸುರಿದು, ಎಷ್ಟು ಮಿಲಿಸೆಕೆಂಡಿಗೆ ಉತ್ತರ ಬರುತ್ತಿದೆ ಎಂದು ಬರೆದುಕೊಳ್ಳಿ. ಸರಾಸರಿ ಬೇಡ, ನೂರರಲ್ಲಿ ತೊಂಬತ್ತೊಂಬತ್ತನೆಯವನಿಗೆ ಎಷ್ಟಾಯಿತು ನೋಡಿ. ಆಮೇಲೆ ನಕಲಿ ಎಸ್‌ಎಂಎಸ್ ಗೇಟ್‌ವೇಯೊಳಗೆ ಬೇಕೆಂದೇ 3 ಸೆಕೆಂಡ್ ನಿದ್ದೆ ಹಾಕಿ. ಪೂಲ್ ಕಟ್ಟಿಕೊಳ್ಳುವುದನ್ನು ಕಣ್ಣಾರೆ ನೋಡಿದ ಮೇಲೆ ಔಟ್‌ಬಾಕ್ಸ್ ಬರೆಯಿರಿ. ಬರೆದ ಮೇಲೆ ಕಳಿಸುವ ಪ್ರೋಗ್ರಾಮನ್ನು, ಕಳಿಸಿದ ನಂತರ ಗುರುತು ಹಾಕುವ ಮೊದಲು, ಕೊಂದು ಎಬ್ಬಿಸಿ. ಎರಡನೆಯ ಎಸ್‌ಎಂಎಸ್ ತಡೆಯಲ್ಪಟ್ಟರೆ ಆ ಪ್ಯಾಟರ್ನ್ ನಿಮಗೆ ಬಂತು. ಕೊನೆಗೆ ‘ಸಂದೇಶ’ ಮಾಡ್ಯೂಲ್ ಒಂದನ್ನು ಮಾತ್ರ ಬೇರೆ ಸರ್ವಿಸ್ ಮಾಡಿ, ಮುಂಚಿನ ಅಳತೆಯ ಪಕ್ಕದಲ್ಲಿ ಹೊಸ ಅಳತೆ ಇಟ್ಟು ನೋಡಿ.

ಪ್ರತಿ ತಿರುವಿನಲ್ಲೂ ಒಂದು ಪುಟದ ತೀರ್ಮಾನ ಪತ್ರ ಬರೆದು ಕೋಡಿನ ಜೊತೆಗೇ ಇಡಿ. ಮೈಕಲ್ ನೈಗಾರ್ಡ್ 2011ರಲ್ಲಿ ಪ್ರಚಾರಕ್ಕೆ ತಂದ ಈ ಪದ್ಧತಿಗೆ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಎನ್ನುತ್ತಾರೆ. ಸಂದರ್ಶನದಲ್ಲಿ ಪೆಟ್ಟಿಗೆಗಳ ಬಣ್ಣದ ಚಿತ್ರಕ್ಕಿಂತ ಈ ಐದಾರು ಪುಟಗಳು ಹೆಚ್ಚು ಮಾತಾಡಿಸುತ್ತವೆ, ಯಾಕೆಂದರೆ ಬಿಟ್ಟದ್ದೇನು ಎಂಬುದೂ ಅದರಲ್ಲಿರುತ್ತದೆ. ಬರೆಯುವ ಬಗೆ ಹೀಗೆ:

ತೀರ್ಮಾನ 4. ಎಸ್‌ಎಂಎಸ್ ಕಳಿಸಲು ಪೋಸ್ಟ್‌ಗ್ರೆಸ್ ಟೇಬಲ್ಲನ್ನೇ ಕ್ಯೂ ಮಾಡುತ್ತೇವೆ.
ಸಂದರ್ಭ: ಟೆಂಡರ್ ದಿನ ಅಂದಾಜು 2,000 ಸಂದೇಶ. ಗೇಟ್‌ವೇ ನಿಧಾನವಾದಾಗ ಬಿಡ್ ನಿಲ್ಲಕೂಡದು.
ಬಿಟ್ಟದ್ದು: ಕಾಫ್ಕಾ. ಈ ಪ್ರಮಾಣಕ್ಕೆ ಅದನ್ನು ನೋಡಿಕೊಳ್ಳುವ ಕೆಲಸವೇ ಹೆಚ್ಚು.
ಪರಿಣಾಮ: ಸಂದೇಶ ಒಂದೆರಡು ಸೆಕೆಂಡ್ ತಡ. ಒಂದೇ ಸಂದೇಶ ಎರಡು ಸಲ ಬರಬಹುದು, ಸಂಖ್ಯೆ ನೋಡಿ ತಡೆಯುತ್ತೇವೆ. ಹಳೆಯ ಸಾಲುಗಳನ್ನು ವಾರಕ್ಕೊಮ್ಮೆ ಅಳಿಸಬೇಕು.
ಮತ್ತೆ ಯೋಚಿಸುವುದು: ಅತಿ ಹಳೆಯ ಸಂದೇಶದ ವಯಸ್ಸು ಎರಡು ಟೆಂಡರ್ ದಿನ ಸತತವಾಗಿ 60 ಸೆಕೆಂಡ್ ದಾಟಿದಾಗ.